ದೆವ್ವದ ಕನ್ನಡ ತಿದ್ದಿದ ಟೀಚರ್

ನಮ್ಮ ಕನ್ನಡ ಟೀಚರ ಬಲಗೈ ತೋರುಬೆರಳು ಸೊಟ್ಟಗಿತ್ತು. ಎಂದೋ ಬಸ್ಸಿನ ಬಾಗಿಲಿಗೆ ಸಿಕ್ಕಿತ್ತಂತೆ. ಅವರು ನನ್ನತ್ತ ಬೆರಳು ತೋರಿಸಿ ಪ್ರಶ್ನೆ ಕೇಳಿದರೆ ಪಕ್ಕದವಳು ಎದ್ದು ನಿಲ್ಲುತ್ತಿದ್ದಳು, ನಾವೆಲ್ಲ ಕಿಸಕ್ಕೆನ್ನುತ್ತಿದ್ದೆವು.

ಬಳ್ಳಾರಿಯ ಗಾಂಧಿನಗರದಿಂದ ಕುರುಗೋಡಿನ ನಮ್ಮ ಶಾಲೆಗೆ ದಿನಾ ಬರುತ್ತಿದ್ದರು. ಪ್ರಬಂಧದಲ್ಲಿ 'ಹೋಗಂಗಿಲ್ಲ' ಎಂದು ಬರೆದರೆ ಮುಗಿಯಿತು. "ಮನ್ಯಾಗ ಹೆಂಗರ ಮಾತಾಡ್ರಿ, ಬರಿಯೋ ಮುಂದ 'ಹೋಗುವುದಿಲ್ಲ' ಅಂತ ಬರೀರಿ" ಎಂದು ಹತ್ತು ಸಲ ಬರೆಸುತ್ತಿದ್ದರು.

ಆ ವರ್ಷ ಟಿವಿಯಲ್ಲಿ ಒಂದು ದೆವ್ವದ ಧಾರಾವಾಹಿ ಬರುತ್ತಿತ್ತು. ಸತ್ತವಳೊಬ್ಬಳು ಸೊಸೆಯ ಮೈಮೇಲೆ ಬಂದು ಮನೆಯವರನ್ನೆಲ್ಲ ನಡುಗಿಸುವ ಕಥೆ. ಒಂಬತ್ತನೇ ತರಗತಿಯ ಹುಡುಗಿಯರಿಗೆ ಅದರದೇ ಹುಚ್ಚು. ಬೈಯುವುದಕ್ಕಾದರೂ ನೋಡಬೇಕಲ್ಲ ಎಂದು ಟೀಚರೂ ಒಂದು ಕಂತು ಬಿಡದೆ ನೋಡುತ್ತಿದ್ದರು. ಪಾಲಕರ ಸಭೆಯಲ್ಲಿ, "ಇದು ಮಕ್ಕಳು ನೋಡೋದಲ್ರಿ. ದೆವ್ವಕ್ಕ ಅಂಜಿ ಹೇಳಾಕತ್ತಿಲ್ಲ. ಅದರಾಗ ಹೆಣ್ಣಿನ ಮಾತು ಕೇಳೋದು ಮೈಮ್ಯಾಲೆ ದೆವ್ವ ಬಂದಾಗ ಅಷ್ಟ. ನಮ್ಮ ಹುಡುಗ್ಯಾರು ಏನು ಕಲೀಬೇಕು?" ಎಂದರು. ಅಪ್ಪಂದಿರು ಆಕಳಿಸಿದರು. ನಾನು ಮಾತ್ರ ಕಲಿತೆ.

ಹತ್ತನೇ ತರಗತಿಗೆ ಬಂದಾಗ ಅಪ್ಪ ನನ್ನನ್ನು ಸಿರುಗುಪ್ಪದ ಸೋದರಮಾವನಿಗೆ ಕೊಡುವುದೆಂದು ಗಟ್ಟಿ ಮಾಡಿದ. ನನ್ನ ಅಳು, ಉಪವಾಸ ಯಾವುದಕ್ಕೂ ಆತ ಜಗ್ಗಲಿಲ್ಲ. ನಿಶ್ಚಯದ ದಿನ ಬೆಳಿಗ್ಗೆ, ಮಾವ ಬಂದು ಕೂತ ಮೇಲೆ, ನಾನು ತಲೆಗೂದಲು ಬಿಚ್ಚಿ ಪಡಸಾಲೆಯಲ್ಲಿ ಬಿದ್ದು ಹೊರಳಿದೆ. "ಈ ಮದುವೆ ನಡೆಯಲು ನಾನು ಬಿಡುವುದಿಲ್ಲ!" ಎಂದು ಕಿರುಚಿದೆ. ಮೂರು ದಿನದಿಂದ ಶಾಲೆಗೆ ಬಂದಿಲ್ಲವೆಂದು ನನ್ನನ್ನು ವಿಚಾರಿಸಲು ಟೀಚರ್ ಬಂದದ್ದು ಅದೇ ಹೊತ್ತಿಗೆ.

ಮೈಮುಟ್ಟಿ ನೋಡುವವರಂತೆ ಬಗ್ಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ನಮ್ಮೂರ ದೆವ್ವ ಹಂಗ ಟಿವಿ ಕನ್ನಡ ಮಾತಾಡಂಗಿಲ್ಲಲೇ. 'ಬಿಡಂಗಿಲ್ಲ' ಅನ್ನು."

ನಾನು ಅಂದೆ. ಅವರು ಎದ್ದು ಅಪ್ಪನಿಗೆ, "ಇಕಿ ಮೈಮ್ಯಾಗ ಖರೇನ ಏನೋ ಐತ್ರಿ. ಮದುವಿ ಮಾಡಿದ್ರ ಅದು ಗಂಡನ ಮನಿಗೂ ಬರತೈತಿ" ಎಂದರು. ಓದಿದವರೇ ಹೇಳಿದ ಮೇಲೆ ಇನ್ನೇನು? ಮಾವ ಕಾಲಿಗೆ ಬುದ್ಧಿ ಹೇಳಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ನಗುನಗುತ್ತ ಬರೆಯುತ್ತಿದ್ದೆ.

ಎರಡು ತಿಂಗಳಾಗಿರಲಿಲ್ಲ, ನನ್ನ ತರಗತಿಯ ಇನ್ನೊಬ್ಬಳಿಗೆ ಮದುವೆ ಗೊತ್ತಾಯಿತು. ಅವಳೂ ನನ್ನ ಹಾಗೇ ಬಿದ್ದು ಹೊರಳಿದಳು. ಟೀಚರೇ ಖರೆ ಎಂದ ದೆವ್ವ ಇವಳಿಗೂ ಬಡಿಯಿತೆಂದು ಅವಳ ಮನೆಯವರು ದೆವ್ವ ಬಿಡಿಸುವವನ ಹತ್ತಿರ ಕರೆದೊಯ್ದರು. ಅವನು ಎರಡೂ ಅಂಗೈಗೆ ಬರೆ ಹಾಕಿದ. ಅವಳು ಪೆನ್ನು ಹಿಡಿಯಲಾಗದೆ ಪರೀಕ್ಷೆ ಬಿಟ್ಟಳು, ಮದುವೆಯೂ ಆಯಿತು.

ಶಾಲೆಯಲ್ಲಿ ಸಭೆ ಸೇರಿತು. ಎದ್ದು ನಿಂತವನು ನನ್ನ ಅಪ್ಪನೇ. "ದೆವ್ವ ಐತಿ ಅಂತ ಮೊದಲು ಹೇಳಿದಾಕಿ ಈ ಟೀಚರಮ್ಮನ" ಎಂದ. ಟೀಚರ್ ನನ್ನ ಕಡೆ ನೋಡಲೇ ಇಲ್ಲ. "ಹೌದ್ರಿ, ಹೇಳೀನಿ. ತಪ್ಪಾತು" ಎಂದು ಕೂತರು. ಮೂಢನಂಬಿಕೆಯವರು ಎನಿಸಿಕೊಂಡು ಬೇರೆ ಊರಿಗೆ ವರ್ಗವಾದರು.

ಹೋಗುವ ದಿನ ಬಸ್ ಸ್ಟ್ಯಾಂಡಿಗೆ ಓಡಿದೆ. "ನಾ ಖರೇ ಹೇಳಿಬಿಡ್ತೀನ್ರಿ ಟೀಚರ್" ಎಂದೆ.

"ಹೇಳಿದ್ರ ಸಿರುಗುಪ್ಪದಾಂವ ನಾಳೆನ ಬರ್ತಾನ. ಬಾಯಿ ಮುಚ್ಕೊಂಡು ಓದು." ಬಸ್ಸಿನ ಮೆಟ್ಟಿಲು ಹತ್ತುತ್ತ, "ಆ ಹುಡುಗಿ ಕೈ ನೋಡಿದ್ಯೇನು?" ಎಂದರು. ನಾನು ನೋಡಿರಲಿಲ್ಲ, ಹೆದರಿಕೆಯಿಂದ ಅವಳ ಮನೆಗೇ ಹೋಗಿರಲಿಲ್ಲ. ಬಸ್ಸು ಹೊರಟಾಗ ನನಗೆ ಅಳು ಬರಲಿಲ್ಲ, ನಿರಾಳವಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆ.

ಅಂಥ ಧಾರಾವಾಹಿ ಮಕ್ಕಳಿಗೆ ತಕ್ಕದ್ದೇ ಎಂದು ಈಗಲೂ ಚರ್ಚೆ ನಡೆಯುತ್ತದೆ. ಮಕ್ಕಳಿಗೆ ನಮ್ಮಂಥ ಮನೆಗಳು ತಕ್ಕವೇ ಎಂದು ಯಾರೂ ಕೇಳುವುದಿಲ್ಲ.

ಹೋದ ವರ್ಷ ಟೀಚರ್ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಒಬ್ಬರು ಎದ್ದು, "ಪಾಠ ಭಾಳ ಚಲೋ ಮಾಡ್ತಿದ್ರು. ದೆವ್ವಗಿವ್ವ ನಂಬ್ತಿದ್ರು, ಅದೊಂದ ಕೊರತಿ" ಎಂದರು. ನನ್ನ ಪಕ್ಕದಲ್ಲಿದ್ದ ಅಪ್ಪ ಹೌದೆಂದು ತಲೆಯಾಡಿಸಿದ. ನನಗೀಗ ಬಳ್ಳಾರಿಯಲ್ಲಿ ಕೆಲಸವಿದೆ, ಹಿಡಿದು ಮದುವೆ ಮಾಡುವವರು ಯಾರೂ ಇಲ್ಲ. ಆದರೂ ನಾನು ಏಳಲಿಲ್ಲ.