ಕಂಬಿಯ ಮೀಥೇನ್

ಗುಬ್ಬಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟ ಮೇಷ್ಟ್ರು ನೆನಪಾದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಕಾರ್ಬನ್ನಿನ ಎಲೆಕ್ಟ್ರಾನುಗಳಿರುವ ಒಂದು ಎಸ್, ಮೂರು ಪಿ ಆರ್ಬಿಟಲ್ ಬೆರೆತು ಒಂದೇ ಥರದ ನಾಲ್ಕಾಗುತ್ತವೆ ಎಂದು ನಾವು ಗೈಡು ನೋಡಿ ಒಪ್ಪಿಸುತ್ತಿದ್ದೆವು. "ಬಾಯಲ್ಲಿ ಬೇಡ ಕಣ್ರೋ, ತೋರ್ಸಿ," ಎಂದು ಅವರು ಸೀಮೆಸುಣ್ಣ ಚಾಚುತ್ತಿದ್ದರು. ನಾವು ಬೋರ್ಡಿನ ಮೇಲೆ ಪ್ಲಸ್ ಗುರುತು ಗೀಚಿ, ನಡುವೆ ಕಾರ್ಬನ್, ನಾಲ್ಕು ತುದಿಗೆ ಹೈಡ್ರೋಜನ್, ಇದೇ ಮೀಥೇನ್ ಎನ್ನುತ್ತಿದ್ದೆವು. ಕಡೆಗೆ ಅವರೇ ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ನಾಲ್ಕು ಸಮ ಕಂಬಿಗಳನ್ನು ಒಂದೇ ಬಿಂದುವಿನಿಂದ, ಒಂದರಿಂದೊಂದು ಆದಷ್ಟು ದೂರ ಚಾಚುವಂತೆ, ವೆಲ್ಡ್ ಮಾಡಿಸಿ ತಂದರು.

ಅದೇ ವಾರ ಕಾಲೇಜಿನ ಸೆಕ್ರೆಟರಿ ಕ್ಲಾಸಿಗೇ ನುಗ್ಗಿದರು. "ಒಂದೇ ಪಾಠ ಮೂರು ದಿನ ಎಳೀತಿದೀರಂತೆ? ಕಂಬಿ ಇಟ್ಕೊಂಡು ಆಟ ಆಡ್ಸೋಕಾ ನಿಮಗೆ ಸಂಬಳ?"

ನಾವು ಕಿಸಕ್ಕನೆ ನಕ್ಕೆವು. ದೂರು ಕೊಟ್ಟವರೂ ನಾವೇ.

ಮೇಷ್ಟ್ರು ಕಂಬಿಯನ್ನೆತ್ತಿ ನೆಲಕ್ಕೆ ಬಿಸಾಡಿದರು. ಅದು ಠಣ್ಣೆಂದು ಉರುಳಿ ಮೂರು ಕಾಲಿನ ಮೇಲೆ ನಿಂತಿತು; ನಾಲ್ಕನೆಯದು ನೆಟ್ಟಗೆ ಮೇಲೆದ್ದಿತ್ತು. ಮತ್ತೆ ಬಿಸಾಡಿದರು. ಈ ಸಲ ಬೇರೆ ಕಂಬಿ ಮೇಲಾಯಿತು, ಆದರೂ ಹಾಗೆಯೇ ನಿಂತಿತು.

"ಇದ್ರಲ್ಲಿ ಎಸ್ ಯಾವ್ದು? ತೋರ್ಸಿ ಸಾರ್."

ಸೆಕ್ರೆಟರಿ ವಾಚು ನೋಡಿಕೊಂಡರು. ಮೇಷ್ಟ್ರು ನಮ್ಮ ಕಡೆ ತಿರುಗಿದರು. "ನೀವಾದ್ರೂ ತೋರ್ಸ್ರೋ."

ಬೆರೆತ ಮೇಲೆ ನಾಲ್ಕೂ ಒಂದೇ, ಯಾವುದೆಂದು ತೋರಿಸಲಾಗದು, ಅದೇ ಉತ್ತರ ಎಂದು ಆ ಕ್ಷಣ ನನಗೆ ಹೊಳೆದಿತ್ತು. ಹೇಳಲು ನಾನು ಎದ್ದು ನಿಲ್ಲಲಿಲ್ಲ.