ಹೆಸರು ಕೊರೆದ ಕೊಡ

ನಿನ್ನೆ ಮಧ್ಯಾಹ್ನ ಅಡುಗೆಮನೆಯ ಸಜ್ಜಾದ ಮೇಲಿಂದ ಒಂದು ಸ್ಟೀಲ್ ಕೊಡ ಇಳಿಸಿದೆ. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದೇ ತಡ, ಶೇಂಗಾದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಶೇಂಗಾ ತಿಂದು ಮುಗಿಸಿ ವರ್ಷಗಳೇ ಆದವು. ವಾಸನೆ ಮಾತ್ರ, ಊಟ ಮುಗಿದರೂ ಏಳದ ನೆಂಟನ ಹಾಗೆ ಒಳಗೇ ಕೂತಿತ್ತು. ಬೂದಿ ಹಾಕಿ ತಿಕ್ಕತೊಡಗಿದೆ. ತಿಕ್ಕಿದ ಹಾಗೆಲ್ಲ ಕೊಡದ ಹೊಟ್ಟೆಯ ಮೇಲೆ ಅಕ್ಷರಗಳು ಒಂದೊಂದಾಗಿ ಕಾಣಿಸಿಕೊಂಡವು: 'ಕೊಟ್ರಬಸಪ್ಪ ಸಾಹುಕಾರರ ಪ್ರೀತಿಯ ಕಾಣಿಕೆ'. ನನಗೆ ನಗು ತಡೆಯಲಾಗಲಿಲ್ಲ. ಬಚ್ಚಲಲ್ಲಿ ಒಬ್ಬಳೇ ಕೂತು ನಗುವ ಹೆಂಡತಿಯನ್ನು ನೋಡಿ ನನ್ನ ಗಂಡ ಬಾಗಿಲ ತನಕ ಬಂದರು, ಏನೂ ಕೇಳದೆ ವಾಪಸ್ ಹೋದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡಸರಿಗೆ ಅಷ್ಟು ಬುದ್ಧಿ ಬಂದಿರುತ್ತದೆ.

ನಿಮಗಾದರೆ ಕಾರಣ ಹೇಳುತ್ತೇನೆ. ಆರಾಮಾಗಿ ಕೂತುಕೊಳ್ಳಿ, ನಾನು ಹೊಲಿಗೆ ಕೆಲಸದವಳು, ದಾರ ಸ್ವಲ್ಪ ಉದ್ದವೇ ಎಳೆಯುತ್ತೇನೆ.

ನಮ್ಮದು ಗುಡೇಕೋಟೆಯ ಕಡೆಯ ಒಂದು ಊರು. ಸುತ್ತ ಬಂಡೆಗುಡ್ಡ, ಕುರುಚಲು ಗಿಡ, ನಡುವೆ ಇಳಿಜಾರಿನಲ್ಲಿ ಮನೆಗಳು. ನಾನು ಚಿಗಟೇರಿಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ನಾನು 'ಐತೆ' ಅಂದರೆ ನಮ್ಮತ್ತೆ 'ಐತಿ' ಎಂದು ತಿದ್ದುತ್ತಿದ್ದರು. "ನಿಂದು ದಾವಣಗೆರಿ ಮಾತು, ಬಾಯಾಗ ಬೆಣ್ಣಿ ಇಟ್ಕೊಂಡಂಗ ಮಾತಾಡ್ತಿ" ಎಂದು ಓಣಿಯವರ ಮುಂದೆ ನನ್ನನ್ನು ಅಣಕಿಸುವುದು ಅವರಿಗೆ ಊಟದಷ್ಟೇ ಇಷ್ಟ. ನನ್ನ ಸೋದರತ್ತೆಯ ಮನೆ ಹಲವಾಗಲಿನಲ್ಲಿ. ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆದು, ತುಂಗಭದ್ರೆಯ ನೀರು ಕುಡಿದು ಬೆಳೆದ ನಾಲಿಗೆ ನನ್ನದು. ಹಾಗಾಗಿ ಈ ಮನೆಯಲ್ಲಿ ಮೊದಲ ದಿನ ನೀರು ಕುಡಿದವಳೇ, "ಅತ್ತೆ, ಇದು ಮಜ್ಜಿಗೆಗೆ ಉಪ್ಪು ಹಾಕಿಟ್ಟ ನೀರಾ?" ಎಂದು ಕೇಳಿಬಿಟ್ಟೆ.

"ಮಜ್ಜಿಗಿ ಎಲ್ಲೈತಿ ಯವ್ವಾ, ಇದು ಕುಡಿಯೋ ನೀರ. ಕುಡಿ, ರೂಢಿ ಆಗ್ತೈತಿ" ಅಂದರು ಅತ್ತೆ.

ರೂಢಿ ಆಯಿತು. ಮನುಷ್ಯನ ನಾಲಿಗೆಯಷ್ಟು ನಾಚಿಕೆಗೆಟ್ಟದ್ದು ಇನ್ನೊಂದಿಲ್ಲ, ಎಲ್ಲದಕ್ಕೂ ಹೊಂದಿಕೊಳ್ಳುತ್ತದೆ. ಆದರೆ ಊರಿನಲ್ಲಿ ಸಿಹಿ ನೀರು ಇರಲೇ ಇಲ್ಲ ಎಂದುಕೊಳ್ಳಬೇಡಿ. ಪಂಚಾಯ್ತಿಯ ಬೋರಿನಲ್ಲಿ ಸಕ್ಕರೆಯಂಥ ನೀರಿತ್ತು. ಇಳಿಜಾರಿನ ಊರಲ್ಲಿ ನೀರು ಕೆಳಗಿನ ಓಣಿಗೆ ತಾನಾಗಿ ಹರಿದು ಬರಬೇಕು ತಾನೇ? ನಮ್ಮೂರ ನೀರಿಗೆ ದೊಡ್ಡವರ ಮನೆಯ ಗುರುತು ಚೆನ್ನಾಗಿತ್ತು. ಬೆಳಿಗ್ಗೆ ವಾಲ್ವ್ ತಿರುಗಿಸಿದರೆ ಮೇಲಿನ ಓಣಿಯ ತೊಟ್ಟಿಗಳು ತುಂಬಿ ತುಳುಕುವ ತನಕ ಅಲ್ಲೇ ಹರಿಯುತ್ತಿತ್ತು. ಆಮೇಲೆ ನಮ್ಮ ಕೆಳಗಿನ ಓಣಿಗೆ ತಿರುಗಿಸುತ್ತಿದ್ದರು. ನಲ್ಲಿಯಲ್ಲಿ ಮೊದಲು ಗೊರ ಗೊರ ಗಾಳಿ, ಆಮೇಲೆ ಕಣ್ಣೀರಿನಷ್ಟು ನೀರು, ಆಮೇಲೆ ಮತ್ತೆ ಗಾಳಿ. ಮೇಲಿನವರ ಹೊಲದಲ್ಲಿ ದಿನವೆಲ್ಲ ಶೇಂಗಾ ಕೀಳುವವರು ನಮ್ಮ ಓಣಿಯವರೇ, ಅವರ ಅಂಗಳದ ಟ್ರ್ಯಾಕ್ಟರನ್ನು ಸಿಹಿ ನೀರಿನಲ್ಲಿ ತೊಳೆಯುವವರೂ ನಮ್ಮವರೇ. ತೊಳೆದು ಮನೆಗೆ ಬಂದು ಕೈಪಂಪಿನ ಸವುಳು ನೀರು ಕುಡಿದು ಮಲಗುತ್ತಿದ್ದರು. ನನಗೆ ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ.

ಕೊಟ್ರಬಸಪ್ಪ ಸಾಹುಕಾರರು ನಮ್ಮ ವಾರ್ಡಿನ ಕಾಯಂ ಮೆಂಬರು. ಚುನಾವಣೆ ಬಂದಾಗ ಹಿರಿಯರು ಕಟ್ಟೆಯ ಮೇಲೆ ಕೂತು, ಎಲೆ-ಅಡಿಕೆ ಹಾಕಿಕೊಂಡು, "ಕೊಟ್ರಪ್ಪನ ಇರ್ಲಿ ಬಿಡ್ರಿ, ಊರಾಗ ಜಗಳ ಯಾಕ" ಎನ್ನುತ್ತಿದ್ದರು. ಅವಿರೋಧ! ಪಂಚಾಯ್ತಿ ಚುನಾವಣೆಯ ವೋಟಿನ ಚೀಟಿ ಹೇಗಿರುತ್ತದೆ ಎಂದು ನಮ್ಮ ಓಣಿಯ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ.

ಇದನ್ನು ಕೆಡಿಸಿದವಳು ದುರುಗವ್ವ. ಕುರಿ ಸಾಕುವ ಮನೆಯವಳು, ನಮ್ಮ ಮನೆಯಿಂದ ಕೂಗಳತೆಯಲ್ಲಿದ್ದಾಳೆ. ಕೂಗಳತೆ ಅಂದೆನಲ್ಲ, ಅವಳ ಲೆಕ್ಕದಲ್ಲಿ ಅದು ಬಹಳ ದೂರ. ಗುಡ್ಡದ ಆಚೆ ಮೇಯುವ ಕುರಿಯನ್ನು ಈಚೆಯಿಂದ ಕರೆಯುವ ಗಂಟಲು ಅವಳದು. ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಎರೆಯಲು ಒಂದು ಕೊಡ ಸಿಹಿ ನೀರು ಬೇಕಾಗಿತ್ತು. ವಾಲ್ವ್ ತಿರುಗಿಸುವವನ ಹತ್ತಿರ ಹೋಗಿ, ಸ್ವಲ್ಪ ಬೇಗ ಬಿಡಪ್ಪ ಎಂದು ಕೇಳಿದಳು. ಅವನು, "ನನ್ನ ಕೈಯಾಗ ಏನೈತಿ ದುರುಗವ್ವ, ಮೆಂಬರ್ ಹೇಳ್ಬೇಕು" ಅಂದ.

"ಹಂಗಾರ ಮೆಂಬರ್ ನಾನ ಆಗ್ತೀನಿ ತಗಾ" ಎಂದು ಬಂದವಳೇ, ಮರುದಿನ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೋಗಿ ನಾಮಪತ್ರ ಕೊಟ್ಟು ಬಂದಳು. ಅವಳಿಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಓಣಿಯಲ್ಲಿ ಹೊಲಿಗೆ ಯಂತ್ರ ಇದ್ದದ್ದು ನನ್ನ ಹತ್ತಿರ ಮಾತ್ರ. ನನ್ನನ್ನು ಕೇಳಿದರು ಎಂದುಕೊಂಡಿರಾ? ಅತ್ತೆಯನ್ನು ಕೇಳಿದರು. ಅರ್ಧ ಹೊಲಿದ ರವಿಕೆ ಸೂಜಿಯಲ್ಲಿ ಇದ್ದ ಹಾಗೇ ನನ್ನ ಮಷೀನು ತಳ್ಳುಗಾಡಿ ಏರಿತು, ಕೊರಳಿಗೆ ಹಡಗಲಿ ಮಲ್ಲಿಗೆಯ ಮಾಲೆ ಹಾಕಿಸಿಕೊಂಡಿತು. ನನ್ನ ಮದುವೆಯಲ್ಲಿ ನನಗೂ ಅಷ್ಟು ದಪ್ಪ ಮಾಲೆ ಹಾಕಿರಲಿಲ್ಲ.

ಸಾಹುಕಾರರಿಗೆ ಮೊದಲ ಬಾರಿಗೆ ಚುನಾವಣೆಯ ಬಿಸಿ ತಟ್ಟಿತು. ಒಂದು ಸಂಜೆ ಅವರ ಟ್ರ್ಯಾಕ್ಟರು ಫಳಫಳ ಹೊಳೆಯುವ ಸ್ಟೀಲ್ ಕೊಡಗಳನ್ನು ಹೇರಿಕೊಂಡು ನಮ್ಮ ಓಣಿಗೆ ಇಳಿಯಿತು. ಮನೆಗೊಂದು ಕೊಡ. ಕೊಡುವ ಮೊದಲು ತಟ್ಟೆಯಲ್ಲಿ ಭಂಡಾರ ಹಿಡಿದು, ಅರಿಶಿನದ ಆ ಪುಡಿ ಮುಟ್ಟಿಸಿ, 'ವೋಟು ಸಾಹುಕಾರರಿಗೇ' ಎಂದು ಆಣೆ ಮಾಡಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಸಾಲಿನಲ್ಲಿ ಮುಂದೆ ನಿಂತವಳು ನಾನೇ. ನೀರಿಲ್ಲದ ಓಣಿಗೆ ಕೊಡ ಹಂಚುತ್ತಿದ್ದಾರೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ, ಹೊಳಪು ಮಾತ್ರ ಕಂಡಿತು. ನನ್ನ ಜೊತೆ ಅತ್ತೆಯೂ ಭಂಡಾರ ಮುಟ್ಟಿದರು. ದುರುಗವ್ವನ ಮನೆಯೊಂದು ಬಿಟ್ಟು ಇಡೀ ಓಣಿ ಮುಟ್ಟಿತು.

ಮರುದಿನ ಬೆಳಿಗ್ಗೆ ದುರುಗವ್ವ ಬಂದು ನಮ್ಮ ಪಡಸಾಲೆಯಲ್ಲಿ ಕುಸಿದು ಕೂತಳು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. "ನಮ್ಮಣ್ಣನ ಹೆಂಡ್ತಿ ಸೈತ ಭಂಡಾರ ಮುಟ್ಯಾಳ. ಇನ್ನ ಯಾರು ಹಾಕ್ತಾರ ನನಗ? ನಿನ್ನ ಮಷೀನು ಇಳಿಸ್ಕೋ ಯವ್ವಾ."

ನೀವು ಊರ ಹೊರಗಿನವರಾದರೆ, ಅರಿಶಿನದ ಪುಡಿಗೆ ಇಷ್ಟೊಂದು ಹೆದರಿಕೆಯೇ ಎನ್ನಬಹುದು. ಇಲ್ಲಿ ಭಂಡಾರ ಮುಟ್ಟಿ ಮಾತು ತಪ್ಪಿದರೆ ಕುರಿ ಸಾಯುತ್ತವೆ, ಕೂಸಿಗೆ ಜ್ವರ ಬರುತ್ತದೆ ಎಂದು ನಂಬಿದ ಜನ. ನಮ್ಮತ್ತೆ ಹಿಂದಿನ ರಾತ್ರಿ ಉಂಡಿರಲಿಲ್ಲ. ಈಗ ಕೊಡವನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು.

"ಏನ್ ಬರದೈತಿ ಓದು" ಅಂದರು. ಓದಿದೆ.

ನಮ್ಮ ಕಡೆ ಹೆಸರು ಕೊರೆಸದೆ ಯಾರೂ ಪಾತ್ರೆ ಉಡುಗೊರೆ ಕೊಡುವುದಿಲ್ಲ. ಮದುವೆಗೆ ಒಂದು ಲೋಟ ಕೊಟ್ಟರೂ ಅಂಗಡಿಯ ಮಷೀನಿನಲ್ಲಿ ಗಿರ್ರ್ ಎಂದು ಹೆಸರು ಕೊರೆಸಿಯೇ ಕೊಡಬೇಕು. ಇಲ್ಲದಿದ್ದರೆ ಕೊಟ್ಟದ್ದು ಯಾರಿಗೆ ನೆನಪಿರುತ್ತದೆ? ಪಾಪ, ಸಾಹುಕಾರರು ಕೊಟ್ಟೂರಿನ ಅಂಗಡಿಯಲ್ಲಿ ಅದೇ ರೂಢಿಯ ಮೇಲೆ ಎಲ್ಲ ಕೊಡಕ್ಕೂ ಹೆಸರು ಹಾಕಿಸಿಬಿಟ್ಟಿದ್ದರು. ಕದ್ದುಮುಚ್ಚಿ ಹಂಚುವ ಮಾಲಿಗೆ ಹೆಸರು ಕೊರೆಸುವ ಜಾಣರು ಜಗತ್ತಿನಲ್ಲಿ ಬೇರೆಲ್ಲೂ ಇರಲಿಕ್ಕಿಲ್ಲ.

"ಅವನ ಹೆಸರೈತಿ ಅಂದ್ರ ಇದು ಅವನ ಸಾಮಾನು" ಅಂದರು ಅತ್ತೆ. "ಹೆಸರಿದ್ದ ಪಾತ್ರಿ ನಮ್ಮ ಮನ್ಯಾಗ ಉಳದ್ರ ತಿರುಗಿ ಮುಟ್ಟಿಸಿ ಬರ್ತೀವಿಲ್ಲೋ? ಅವನ ಕೊಡ ಅವನ ಮನಿ ಮುಟ್ಟಿದ್ರ, ಅವನ ಆಣಿನೂ ಅಲ್ಲಿಗೇ ಮುಟ್ಟಿತು."

ದುರುಗವ್ವ ಎದ್ದು ನಿಂತಳು. ನಾನು ಜಾಣತನ ತೋರಿಸಲು ಹೋಗಿ, "ಅತ್ತೆ, ಕೂಡ್ಲಿಗಿ ಕಚೇರಿಗೇ ಒಯ್ಯಾಣ, ಹೆಸರೇ ಸಾಕ್ಷಿ ಐತೆ" ಅಂದೆ.

"ಕಚೇರಿ ಯಾಕ? ಅವನ ಹೊಸ್ತಿಲು ಹತ್ರನ ಐತಿ. ಆದ್ರ ಬರಿದು ಒಯ್ಯಬಾರ್ದು. ಯಾರ ಪಾತ್ರೀನೂ ಬರಿದು ತಿರುಗಿ ಕೊಡಬಾರ್ದು. ನಮ್ಮ ಮನ್ಯಾಗ ಏನು ಬೇಕಾದಷ್ಟು ಐತೋ ಅದನ್ನ ತುಂಬ್ರಿ."

ನಮ್ಮಲ್ಲಿ ಬೇಕಾದಷ್ಟು ಇದ್ದದ್ದು ಒಂದೇ, ಸವುಳು ನೀರು.

ಆ ಮೆರವಣಿಗೆಯನ್ನು ನೀವು ನೋಡಬೇಕಿತ್ತು! ಮುಂದೆ ತಳ್ಳುಗಾಡಿಯಲ್ಲಿ ನನ್ನ ಮಷೀನು, ಹಿಂದೆ ದುರುಗವ್ವ, ಅವಳ ಹಿಂದೆ ಇಡೀ ಓಣಿಯ ಹೆಂಗಸರು, ಎಲ್ಲರ ಸೊಂಟದ ಮೇಲೂ ಒಂದೇ ಹೆಸರಿನ ಕೊಡ. ಯಾರೋ ಬೀಗರನ್ನು ಹಂಗಿಸುವ ಹಾಡು ಎತ್ತಿಕೊಂಡರು, ಬೀಗರ ಜಾಗದಲ್ಲಿ ಸಾಹುಕಾರರನ್ನು ಕೂರಿಸಿದರು. ಹೊಲಕ್ಕೆ ಹೊರಟಿದ್ದವರು ಬುತ್ತಿ ಹಿಡಿದುಕೊಂಡೇ ಸೇರಿಕೊಂಡರು. ನಾನು ಉತ್ಸಾಹದಲ್ಲಿ ಬಾಯಿ ತನಕ ತುಂಬಿದ್ದರಿಂದ ನೀರೆಲ್ಲ ತುಳುಕಿ ಸೀರೆ ತೊಪ್ಪೆಯಾಯಿತು. "ಕುತ್ತಿಗಿ ತನಕ ತುಂಬಬೇಕು, ತಲಿ ತನಕ ಅಲ್ಲ. ಚಿಗಟೇರ್ಯಾಗ ಇದನ್ನೂ ಕಲಸಿಲ್ಲೇನು?" ಎಂದು ಅತ್ತೆ ಮೆರವಣಿಗೆಯ ನಡುವೆಯೂ ಬಿಡಲಿಲ್ಲ.

ಸಾಹುಕಾರರ ಹೊಸ್ತಿಲಿನಿಂದ ಅಂಗಳದ ಬೇವಿನ ಮರದ ತನಕ ಕೊಡಗಳ ಸಾಲು ನಿಂತಿತು. ಅವರು ಹೊರಗೆ ಬಂದು, "ಇದೇನ್ರವ್ವಾ?" ಅಂದರು.

"ನಿಮ್ಮ ಸಾಮಾನು ಸಾಹುಕಾರ್ರ" ಅಂದಳು ದುರುಗವ್ವ. ಗಂಟಲು ವಾಪಸ್ ಬಂದಿತ್ತು. "ಹೆಸರು ಕೊರಸೀರಿ, ಕಳದು ಹೋಗಂಗಿಲ್ಲ. ಎಣಿಸ್ಕೋರಿ."

ಅಷ್ಟರಲ್ಲಿ ಒಳಗಿಂದ ಕೋಲೂರಿಕೊಂಡು ನೀಲಜ್ಜಿ ಬಂದರು, ಸಾಹುಕಾರರ ತಾಯಿ. ಸಾಲಿನಲ್ಲಿ ಮೊದಲು ಇದ್ದದ್ದು ನನ್ನ ಕೊಡ. ಬಗ್ಗಿ ಅದರೊಳಗೆ ಕೈ ಹಾಕಿ, ಒಂದು ಬೊಗಸೆ ತೆಗೆದು ಕುಡಿದರು. ಮುಖ ಕಿವುಚಿತು.

"ಕೊಟ್ರಾ, ಬಾರಲೇ ಇಲ್ಲಿ. ಕುಡಿ."

"ಯವ್ವಾ, ನೀ ಒಳಗ ನಡಿ."

"ಕುಡಿ ಅಂದೆ."

ಊರೆಲ್ಲ 'ಸಾಹುಕಾರ್ರ' ಎನ್ನುವ ಮನುಷ್ಯ ತಾಯಿಯ ಮುಂದೆ ಬಗ್ಗಿ ಬೊಗಸೆ ಒಡ್ಡಿದರು. ಬಾಯಿಗೆ ಹಾಕಿಕೊಂಡರು. ಅಷ್ಟು ಹೆಂಗಸರ ಮುಂದೆ ಉಗುಳುವ ಹಾಗಿಲ್ಲ, ನುಂಗಲು ಗಂಟಲು ಒಪ್ಪುತ್ತಿಲ್ಲ, ಕೆನ್ನೆ ಉಬ್ಬಿಸಿಕೊಂಡು ನಿಂತುಬಿಟ್ಟರು. ಆಗ ನಮ್ಮತ್ತೆ, ಬಹಳ ಅಂತಃಕರಣದಿಂದ, "ನುಂಗ್ರಿ ಸಾಹುಕಾರ್ರ, ರೂಢಿ ಆಗ್ತೈತಿ" ಅಂದರು.

ನೋಡಿ, ಆಮೇಲೆ ಯಾರ ನಗುವನ್ನೂ ಹಿಡಿಯಲಾಗಲಿಲ್ಲ. ನೀಲಜ್ಜಿ ನಕ್ಕು ನಕ್ಕು ಬೇವಿನ ಮರ ಹಿಡಿದುಕೊಂಡರು. ನಗು ಮುಗಿದ ಮೇಲೆ ನನ್ನ ಕೊಡದ ನೀರನ್ನು ಮರದ ಬುಡಕ್ಕೆ ಸುರಿದು, ಒಳಗೆ ಒಯ್ದು, ಶೇಂಗಾ ತುಂಬಿ ತಂದು ನನ್ನ ಕೈಗಿಟ್ಟರು.

"ನಿಮ್ಮನಿ ನೀರು ಕುಡದೀನಿ, ಬರಿಗೈಲಿ ಕಳಸಂಗಿಲ್ಲ. ಇದು ಕಾಣಿಕಿ ಅಲ್ಲ, ನನ್ನ ಕೊಡ. ತಿರುಗಿ ತಂದು ಕೊಡಬೇಕು. ನಿಮ್ಮ ಓಣಿ ನಲ್ಯಾಗ ಸಿಹಿ ನೀರು ಬಂದ ದಿನ ತುಂಬಿಕೊಂಡು ಬಾ. ಅಲ್ಲೀತನ ನಾ ಸಾಯಂಗಿಲ್ಲ."

ಮತದಾನದ ದಿನ ನಮ್ಮ ಓಣಿ ಮದುವೆ ಮನೆಯ ಹಾಗೆ ಸಿಂಗರಿಸಿಕೊಂಡು ಸಾಲು ನಿಂತಿತು. ನೀಲಜ್ಜಿ ಮಗನ ತೋಳು ಹಿಡಿದು ಬಂದರು, ಒಳಗೆ ಮಾತ್ರ ಒಬ್ಬರೇ ಹೋದರು. ದುರುಗವ್ವ ಗೆದ್ದಳು. ಅಂತರ ಎಷ್ಟೆಂದರೆ, ಎಣಿಸಲು ಎರಡೂ ಕೈಯ ಬೆರಳು ಬೇಕಾಗಿರಲಿಲ್ಲ. ಅವಳು ಕೂಗಿದ ಕೂಗಿಗೆ ಗುಡ್ಡದ ಆಚೆಯ ಕುರಿಗಳೆಲ್ಲ ಮನೆಗೆ ಬಂದವಂತೆ.

ಗೆದ್ದ ವಾರವೇ ವಾಲ್ವ್ ಎರಡೂ ಓಣಿಗೆ ಸಮನಾಗಿ ತಿರುಗುವ ಹಾಗೆ ಮಾಡಿದಳು. ಅಷ್ಟರಲ್ಲಿ ಬೋರೇ ಬತ್ತಿತು. ನಮ್ಮೂರಿಗೆ ಸಮಾನತೆ ಬಂದದ್ದು ಹೀಗೆ, ಇಬ್ಬರಿಗೂ ನೀರಿಲ್ಲ. ಆದರೆ ಸವುಳು ನೀರಿಗೆ ಒಂದು ಗುಣವಿದೆ, ಮೇಲಿನ ಓಣಿಯವರು ಕುಡಿದರೆ ಅವರಿಗೂ ಬೇಗ ಸಿಟ್ಟು ಬರುತ್ತದೆ. ತುಂಗಭದ್ರೆಯ ಹೊಳೆ ನೀರು ಬೇಕೆಂದು ದುರುಗವ್ವ ಕೂಡ್ಲಿಗಿಯ ಕಚೇರಿ ಮುಂದೆ ಧರಣಿ ಕೂತಾಗಲೆಲ್ಲ ಜನರನ್ನು ಕರೆದೊಯ್ದದ್ದು ಸಾಹುಕಾರರ ಟ್ರ್ಯಾಕ್ಟರೇ. ಅಲ್ಲಿ ಒಲೆ ಹೂಡಿ, ಮಂಡಕ್ಕಿ ಒಗ್ಗರಣೆ ಹಾಕಿ, ಬಂದುಹೋಗುವ ಗುಮಾಸ್ತರಿಗೂ ಕೊಟ್ಟು, ನಮ್ಮವರು ಕಚೇರಿಗೆ ನೆಂಟರೇ ಆಗಿಬಿಟ್ಟರು. ಇಷ್ಟರ ನಡುವೆ ನನಗೆ ಒಳಗೊಳಗೇ ಒಂದು ಹೆದರಿಕೆ. ಕೊಡ ಸಜ್ಜಾದ ಮೇಲೆ ಕೂತಿತ್ತು, ನೀಲಜ್ಜಿಗೆ ವಯಸ್ಸಾಗುತ್ತಿತ್ತು. ಅವರಿಗೆ ಜ್ವರ ಎಂದು ಕೇಳಿದಾಗಲೆಲ್ಲ ನಾನು ಹೋಗಿ ನಲ್ಲಿ ತಿರುಗಿಸಿ ನೋಡುತ್ತಿದ್ದೆ. ಬರೀ ಗಾಳಿ.

ಮೊನ್ನೆ ನೀರು ಬಂತು. ನಮ್ಮ ಓಣಿಯ ನಲ್ಲಿಗೆ, ಹೊಳೆಯ ನೀರು. ಬಾಯಿಗೆ ಹಾಕಿದ ಕೂಡಲೇ ಹಲವಾಗಲಿನ ಸೋದರತ್ತೆಯ ಮನೆ ಕಣ್ಣಿಗೆ ಬಂದು, ನಲ್ಲಿಯ ಮುಂದೆಯೇ ನಿಂತು ಅತ್ತುಬಿಟ್ಟೆ.

ಇವತ್ತು ಬೆಳಿಗ್ಗೆ ಆ ಕೊಡ ತುಂಬಿದೆ. "ಕುತ್ತಿಗಿ ತನಕ!" ಎಂದು ಬಾಗಿಲಲ್ಲಿ ಕೂತ ನಮ್ಮತ್ತೆ ಕೂಗಿದರು. ಸೊಂಟಕ್ಕಿಟ್ಟುಕೊಂಡು ಮೇಲಿನ ಓಣಿ ಹತ್ತಿದೆ. ನೀಲಜ್ಜಿ ಕಟ್ಟೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ಕಣ್ಣು ಈಗ ಮಂಜು.

"ಯಾರದು?"

ನಾನು ಕೊಡವನ್ನು ಅವರ ಮುಂದೆ ಇಟ್ಟೆ. ಅವರ ಬೆರಳುಗಳು ಕೊಡದ ಹೊಟ್ಟೆಯ ಮೇಲೆ ಹರಿದಾಡಿ, ಕೊರೆದ ಅಕ್ಷರಗಳ ಮೇಲೆ ನಿಂತವು. ಬಾಯಿ ಅಗಲವಾಯಿತು, ಹಲ್ಲಿಲ್ಲದ ನಗು. "ಬಂತೇನ?" ಎಂದು ಬೊಗಸೆ ಒಡ್ಡಿದರು. ಹಾಕಿದೆ. ಕುಡಿದರು. ಇನ್ನೊಂದು ಬೊಗಸೆ ಕುಡಿದರು. ಮೂರನೆಯದನ್ನು ಮುಖಕ್ಕೆ ಎರಚಿಕೊಂಡರು.

"ಕೊಟ್ರಾ! ಈ ನೀರು ಹಂಡೇಕ ಸುರುವಿ, ಕೊಡದ ತುಂಬ ಶೇಂಗಾ ಹಾಕ್ಕೊಂಡು ಬಾ. ಬರಿದು ಕಳಸಬಾರ್ದು."

ಸಾಹುಕಾರರು ಕೊಡ ಎತ್ತಿಕೊಂಡು ಒಳಗೆ ಹೋದರು. ನಾನು ಅಜ್ಜಿಯ ಪಕ್ಕ ಕೂತು, ಇಷ್ಟು ವರ್ಷ ನಾಲಿಗೆ ತುದಿಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಅಜ್ಜಿ, ಅವತ್ತು ವೋಟು ಯಾರಿಗೆ ಹಾಕಿದ್ರಿ?"

"ಅದನ್ನ ಹೇಳಬಾರ್ದಂತವ್ವಾ" ಅಂದರು ನೀಲಜ್ಜಿ. ಆಮೇಲೆ ನನ್ನ ಕಿವಿಗೆ ಬಾಯಿ ಹತ್ತಿರ ತಂದರು. "ಆ ಚೀಟ್ಯಾಗ ನಿನ್ನ ಮಷೀನು ಭಾಳ ಚಂದ ಇತ್ತು."

ಸಾಹುಕಾರರು ಶೇಂಗಾ ತುಂಬಿದ ಕೊಡ ತಂದು ನನ್ನ ಮುಂದೆ ಇಟ್ಟರು. "ಏನಂತಾಳ ನಮ್ಮವ್ವ?" ಎಂದು ಕೇಳಿದರು.

"ನೀರು ಸಿಹಿ ಐತಿ ಅಂತಾರೆ" ಅಂದೆ.