ತೂಕದ ಯಂತ್ರದ ಮುಂದೆ

ಸುಮಾರು ಹತ್ತು ವರ್ಷಗಳ ಹಿಂದೆ ನಾನು ಆಂಧ್ರದ ಅನಂತಪುರದಲ್ಲಿ ಕನ್ನಡ ದಿನಪತ್ರಿಕೆಯೊಂದರ ಜಿಲ್ಲಾ ವರದಿಗಾರನಾಗಿದ್ದೆ. ರಾಯದುರ್ಗ, ಮಡಕಶಿರ ಕಡೆ ನಮ್ಮ ಓದುಗರಿದ್ದುದರಿಂದ ಅಲ್ಲಿನ ಆಟಗಾರರ ಸುದ್ದಿ ನನ್ನ ಪಾಲಿಗೆ ಬರುತ್ತಿತ್ತು. ಆ ವರ್ಷದ ಜಿಲ್ಲಾ ಯೂತ್ ಬಾಕ್ಸಿಂಗ್ ಪಂದ್ಯಾವಳಿಯಲ್ಲಿ 51 ಕೆ.ಜಿ. ವಿಭಾಗಕ್ಕೆ ಇಬ್ಬರೇ ಹೆಸರು ಕೊಟ್ಟಿದ್ದರು. ಒಬ್ಬ ರಾಯದುರ್ಗದ ಹನುಮೇಶ, ಜೀನ್ಸ್ ಪ್ಯಾಂಟ್ ಹೊಲಿಯುವ ಓಣಿಯ ಹುಡುಗ. ಇನ್ನೊಬ್ಬ ಮಡಕಶಿರ ಬಸ್ ನಿಲ್ದಾಣದ ಬಳಿ ಪಂಕ್ಚರ್ ಹಾಕುತ್ತಿದ್ದ ರಂಗನಾಥ. ಗೆದ್ದವನು ರಾಜ್ಯಮಟ್ಟಕ್ಕೆ ಹೋಗುತ್ತಿದ್ದ. ರಂಗನಾಥನಿಗೆ ಮರುವರ್ಷ ವಯಸ್ಸು ಮೀರುತ್ತಿದ್ದುದರಿಂದ ಅವನಿಗೆ ಅದೇ ಕೊನೆಯ ಅವಕಾಶ.

ಬಾಕ್ಸಿಂಗ್‌ನಲ್ಲಿ ಸ್ಪರ್ಧೆಯ ದಿನ ಬೆಳಿಗ್ಗೆ ಎಲ್ಲರನ್ನೂ ತೂಗುತ್ತಾರೆ. ಗೊತ್ತುಪಡಿಸಿದ ಹೊತ್ತಿಗೆ ಬಾರದವನು ಸ್ಪರ್ಧೆಯಿಂದ ಹೊರಗೆ. ಪೆನುಕೊಂಡದ ಹತ್ತಿರ ಬಸ್ ಕೆಟ್ಟು ರಂಗನಾಥ ಹತ್ತು ನಿಮಿಷ ತಡವಾಗಿ ಓಡಿಬಂದ. ಅಧಿಕಾರಿ ಮೆತ್ತಗಿನ ಮನುಷ್ಯ. ಹನುಮೇಶನ ಕಡೆ ತಿರುಗಿ, "ಏಮಬ್ಬಾ, ನೀಕೇಮೈನಾ ಅಭ್ಯಂತರಮಾ?" ಎಂದು ತೆಲುಗಿನಲ್ಲಿ, ನಿನ್ನದೇನಾದರೂ ತಕರಾರಿದೆಯೇ ಎಂದು ಕೇಳಿದರು. ಇಲ್ಲ ಎಂದರೆ ಸಾಕಿತ್ತು, ತೂಗಿಬಿಡುತ್ತಿದ್ದರು. ಹನುಮೇಶ ನೆಲ ನೋಡುತ್ತ ನಿಂತ. ಅವನ ತರಬೇತುದಾರ, "ರೂಲ್ ಅಂದ್ರ ರೂಲ್ ರಿ" ಎಂದ. ಆಗಲೂ ಹನುಮೇಶ ಬಾಯಿ ಬಿಡಲಿಲ್ಲ. ಎದುರಾಳಿಯಿಲ್ಲದ್ದರಿಂದ ವಾಕ್‌ಓವರ್ ಆಯಿತು, ಚಿನ್ನದ ಪದಕ ಅವನಿಗೆ ಸಿಕ್ಕಿತು. ನಾನು ಅಷ್ಟನ್ನೇ ಬರೆದೆ.

ಮೂರನೆಯ ದಿನ ರಾಯದುರ್ಗದಲ್ಲಿ ಓಣಿಯವರು ಅವನನ್ನು ಆಟೋದಲ್ಲಿ ಕೂರಿಸಿ ಮೆರವಣಿಗೆ ಮಾಡಿದರು. ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು. ಹಾರದೊಳಗೆ ಹುಡುಗ ತಲೆ ಎತ್ತಲಿಲ್ಲ.

"ತಲಿ ಎತ್ತಪಾ, ಮದುವಿ ಗಂಡಿನಂಗ ಕುಂತೀಯಲ್ಲ" ಎಂದಳು ಒಬ್ಬ ಮುದುಕಿ. ಅವನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿದಳು. "ಮಾರಿ ಮ್ಯಾಲ ಒಂದ್ ಗಾಯನೂ ಇಲ್ಲ ನೋಡ್ರಿ. ಭಾಳ ಶಾಣ್ಯಾ ಅದಾನ."

ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾದುದನ್ನು ನಾನು ನೋಡಿದೆ.

ರಾಜ್ಯಮಟ್ಟದಲ್ಲಿ ಅವನು ಮೊದಲ ಸುತ್ತಿನಲ್ಲೇ ಸೋತ. ಅದಾದ ಮೇಲೆ ಒಂದು ದಿನ ನನ್ನ ಕಚೇರಿಗೆ ಬಂದು, "ಸಾರ್, ಮಡಕಶಿರಕ್ಕ ಬರ್ತೀರೇನ್ರಿ? ರಂಗನಾಥನ ಜೋಡಿ ಆಡ್ತೀನಿ. ಯಾರ್ ಗೆದ್ರೂ ನೀವು ಬರೀಬೇಕು" ಎಂದ. ಅವನ ಚೀಲದಲ್ಲಿ ಎರಡು ಜೊತೆ ಗ್ಲೌಸ್ ಮತ್ತು ಆ ಪದಕ ಇದ್ದವು. ಜೊತೆಗೆ ಹೋದೆ.

ರಂಗನಾಥ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ವಿಷಯ ಕೇಳಿ ನಕ್ಕ. "ಏನಪ್ಪ, ಒದೆ ತಿನ್ನಾಕೆ ಇಷ್ಟು ದೂರ ಬಂದ್ಯಾ?"

"ಮೂರ್ ರೌಂಡ್ ಅಣ್ಣ. ಇಲ್ಲೇ ಆಡೋಣು."

"ನಾನು ಹೊಡೆದ್ರೆ ನೀನು ಹಗುರಾಗಿ ಬಸ್ ಹತ್ತೀಯ. ನಂಗೇನು ಸಿಗ್ತದೆ? ರಾಜ್ಯಕ್ಕೆ ಕಳಿಸ್ತಾರಾ?"

ಹನುಮೇಶ ಪದಕ ಮುಂದೆ ಹಿಡಿದ. ರಂಗನಾಥ ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ.

"ಪ್ಯಾಚ್ ಹಾಕಾಕೂ ಬರಲ್ಲ ಇದು. ನೀನೇ ಮಡಿಕ್ಕ. ಟೀ ಕುಡ್ಕಂಡು ಹೋಗು."

ಕುಡಿದೆವು. ಹಣ ರಂಗನಾಥನೇ ಕೊಟ್ಟ. ಪಂದ್ಯ ನಡೆಯದ್ದರಿಂದ ಬರೆಯಲು ನನಗೆ ಏನೂ ಇರಲಿಲ್ಲ.

ಕಳೆದ ವರ್ಷ ಅದೇ ಪಂದ್ಯಾವಳಿಗೆ ಹೋಗಿದ್ದೆ. ಹನುಮೇಶ ಈಗ ಹಗಲು ಪ್ಯಾಂಟ್ ಹೊಲಿದು, ಸಂಜೆ ಓಣಿಯ ಶೆಡ್ಡಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಾನೆ. ಅವನ ಶಿಷ್ಯ ಸುರೇಶನ ವಿಭಾಗದಲ್ಲೂ ಇಬ್ಬರೇ ಇದ್ದರು. ಗುಂತಕಲ್ಲಿನ ಎದುರಾಳಿ ತಡವಾಗಿ ಬಂದ. ಬೇರೆ ಅಧಿಕಾರಿ, ಆದರೆ ಅದೇ ಪ್ರಶ್ನೆ. ಸುರೇಶ ಬಾಯಿ ತೆರೆಯುವ ಮೊದಲೇ ಹನುಮೇಶ, "ನಮ್ಮದೇನೂ ತಕರಾರಿಲ್ರಿ, ತೂಗ್ರಿ" ಎಂದುಬಿಟ್ಟ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆ ಕಂಡಿರಲಿಲ್ಲ.

ಸುರೇಶ ಚೆನ್ನಾಗಿಯೇ ಆಡಿದ. ಮೂವರು ತೀರ್ಪುಗಾರರು ಎದುರಾಳಿಯ ಪರ, ಇಬ್ಬರು ಇವನ ಪರ. ಸೋತ.

ರಾಯದುರ್ಗದ ಬಸ್ಸಿನಲ್ಲಿ ನಾನು ಅವರ ಹಿಂದಿನ ಸೀಟಿನಲ್ಲಿದ್ದೆ. ಸುರೇಶನ ತುಟಿ ಊದಿತ್ತು.

"ಸೋತ್ರೂ ಚಲೋ ಆಡಿದಿ" ಎಂದ ಹನುಮೇಶ.

"ತೂಗ್ರಿ ಅನ್ನಾಕ ಮೊದ್ಲು ನನ್ನ ಕೇಳಿದ್ರೇನ್ರಿ?"

"ಅದು ನ್ಯಾಯ ಅಲ್ಲೇನೋ?"

"ನಿಮ್ ಚಿನ್ನ ಮನ್ಯಾಗೈತಲ್ರಿ ಸಾರ್" ಎಂದು ಸುರೇಶ ಕಿಟಕಿ ಕಡೆ ತಿರುಗಿದ.

 ಊರು ಬರುವವರೆಗೂ ಹನುಮೇಶ, ಅಂದು ಮೆರವಣಿಗೆಯ ಆಟೋದಲ್ಲಿ ಕುಳಿತಿದ್ದಂತೆಯೇ ತಲೆ ತಗ್ಗಿಸಿ ಕುಳಿತಿದ್ದ.

ಸೋಲು ಗೆಲುವಿನ ಅಂಕಿಗಳನ್ನು ತಪ್ಪಿಲ್ಲದೆ ಕಳಿಸಿದರೆ ವರದಿ ಮುಗಿಯಿತೆಂದು ನಾನು ಬಹುಕಾಲ ನಂಬಿದ್ದೆ. ಬಾಕ್ಸಿಂಗ್ ವರದಿಗೆ ರಿಂಗಿನ ಪಕ್ಕದ ಕುರ್ಚಿ ಹಿಡಿದರೆ ಸಾಲದು, ಬೆಳಿಗ್ಗೆ ತೂಕದ ಯಂತ್ರದ ಬಳಿ ನಿಂತಿರಬೇಕು, ಆಮೇಲೆ ಸೋತವನ ಬಸ್ಸನ್ನೂ ಹತ್ತಬೇಕು ಎಂಬುದನ್ನು ಈ ವೃತ್ತಿ ಹನುಮೇಶ ಮತ್ತು ಸುರೇಶರ ಮೂಲಕ ನನಗೆ ಕಲಿಸಿತು.